ಬಿಸಿಲಿಗಿಟ್ಟ ಬೆಪ್ಪಾಲೆ

ಹೊಳೆದಂಡೆಯ ಗುಡಿಸಲಲ್ಲಿ ಮರುಳಯ್ಯಜ್ಜ ಊರೂರಿನ ರೋಗಿಗಳಿಗೆ ಔಷಧಿ ಕೊಡುತ್ತಿದ್ದ. ಶಿಷ್ಯ ಗವಿಯಪ್ಪ ಯಾವ ಎಲೆ ತೋರಿಸಿದರೂ ಗುರುತು ಹಿಡಿಯುತ್ತಿದ್ದ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಅಂದು ಪಕ್ಕದೂರಿನ ದುರುಗವ್ವ ಮತ್ತೆ ಬಂದಳು. ಅವಳ ಕೈಮೈಯೆಲ್ಲ ಮೀನಿನಂತೆ ಹುರುಪೆ ಎದ್ದಿತ್ತು. ಅವಳು ತಟ್ಟಿದ ರೊಟ್ಟಿಯನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಈಗ ಅವಳ ಚಾಪೆಯನ್ನೂ ದನದ ಕೊಟ್ಟಿಗೆಗೆ ಎಸೆದಿದ್ದರು.

ಗವಿಯಪ್ಪ ಅವಳಿಗೆ ಬೆಪ್ಪಾಲೆ ಎಲೆಯ ಕಷಾಯ ಕಾಸಿ ಕೊಟ್ಟಿದ್ದ, ಮೈಗೆ ಹಚ್ಚಿಕೊಳ್ಳಲಿಕ್ಕೆ. ಗುಣ ಕಂಡಿರಲಿಲ್ಲ.

“ಹಚ್ಚಿಕೊಂಡೇ ಇಲ್ಲ ನೀನು. ಸುಳ್ಳು ಹೇಳ್ತೀಯ,” ಎಂದು ರೇಗಿದ.

ದುರುಗವ್ವ ಸೆರಗಿನೊಳಗೆ ಕೈ ಮುಚ್ಚಿಕೊಂಡು ಎದ್ದು ಹೋದಳು.

ಆ ಸಿಟ್ಟು ಒಲೆಗೆ ತಿರುಗಿತು. ಸೌದೆಯ ಮೇಲೆ ಸೌದೆ ತುರುಕಿ ಎಲೆಯನ್ನು ಕುದಿಸಿದ, ಮತ್ತೂ ಕುದಿಸಿದ. ನೀರು ಬತ್ತಿ ಗಡಿಗೆ ಸೀದುಹೋಯಿತು. ಎತ್ತಿ ಅಂಗಳಕ್ಕೆ ಅಪ್ಪಳಿಸಿದ.

“ಈ ಎಲೆಯೊಳಗೆ ಏನೂ ಇಲ್ಲ ಅಜ್ಜಾ. ಬರೀ ಕಸ.”

ಅಜ್ಜ ಎದ್ದು ಹೊರಗೆ ಹೋದ. ಅದೇ ಮರದ ಎಲೆ ಕಿತ್ತು, ಕೈಯಲ್ಲೇ ಹರಿದು, ಶೀಸೆಗೆ ತುಂಬಿ, ಮೇಲೆ ಕೊಬ್ಬರಿ ಎಣ್ಣೆ ಹೊಯ್ದ. ಬಂಡೆಯ ಮೇಲೆ ಬಿಸಿಲಿಗಿಟ್ಟ.

“ಕಾವಲು ಕೂರು. ಒಲೆ ಹಚ್ಚಬೇಡ.”

ಅಲ್ಲಿ ಹೆಂಗಸೊಬ್ಬಳು ಸಗಣಿಯ ಪಕ್ಕ ಮಲಗಿದ್ದಾಳೆ, ಇಲ್ಲಿ ತಾನು ಎಣ್ಣೆ ಕಾಯಬೇಕಂತೆ! ಗವಿಯಪ್ಪ ಹಲ್ಲು ಕಡಿಯುತ್ತಲೇ ಕೂತ. ದಿನ ಕಳೆದಂತೆ ಎಣ್ಣೆ ಕೆಂಪಾಯಿತು. ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

“ಈ ಬಣ್ಣ ಎಲ್ಲಿತ್ತು ಅಜ್ಜಾ?”

“ಎಲೆಯಲ್ಲೇ.”

“ಅಷ್ಟು ಕುದಿಸಿದೆ, ಬರಲಿಲ್ಲವಲ್ಲ?”

“ನೀರಿಗೆ ಕೊಡದ್ದನ್ನು ಎಣ್ಣೆಗೆ ಕೊಡುತ್ತದೆ. ಅದೂ ತನಗೆ ಪುರುಸೊತ್ತಾದಾಗ.”

ಗವಿಯಪ್ಪನಿಗೆ ಮತ್ತೆ ಉರಿಯಿತು. “ಮೊದಲೇ ಹೇಳಬಾರದಿತ್ತಾ?”

“ಗಡಿಗೆ ಒಡೆಯೋ ಸದ್ದಿನಲ್ಲಿ ನಿನಗೆ ಕೇಳಿಸ್ತಿತ್ತಾ?”

ಅವನು ಶೀಸೆ ಕಿತ್ತುಕೊಂಡು ದುರುಗವ್ವನ ಊರಿಗೆ ನಡೆದ. ದೂರದಿಂದಲೇ ಅವನನ್ನು ಕಂಡ ಅವಳು ಕೊಟ್ಟಿಗೆಯ ಬಾಗಿಲು ಹಾಕಿ ಅಗಳಿ ಜಡಿದಳು. ಗವಿಯಪ್ಪ ಬಾಗಿಲು ಬಡಿದ. ಈ ಸಲದ ಮದ್ದು ಸರಿಯಾಗಿದೆ ಎಂದ. ನಿನ್ನ ಸಲುವಾಗಿ ಬಿಸಿಲಲ್ಲಿ ಬೆಂದು ಬಂದಿದ್ದೇನೆ ಎಂದ. ಬೇಡವಾದರೆ ಅಲ್ಲೇ ಕೊಳೆತು ಬಿದ್ದಿರು ಎಂದೂ ಕೂಗಿದ. ಒಳಗಿಂದ ಕೇಳಿಸಿದ್ದು ಹಸುವಿನ ಕೊರಳ ಗಂಟೆಯೊಂದೇ.

ಹೊತ್ತು ಮುಳುಗುವಾಗ ತುಂಬಿದ ಶೀಸೆಯೊಂದಿಗೆ ಗುಡಿಸಲಿಗೆ ಬಂದು, ಅದನ್ನು ಅಜ್ಜನ ಮುಂದೆ ಕುಕ್ಕಿದ.

“ಕಲ್ಲು ಅಜ್ಜಾ ಆಕೆ. ಎಷ್ಟು ಬಡಿದರೂ ಒಂದು ಮಾತು ಹೊರಡಲಿಲ್ಲ. ಅವಳೊಳಗೆ ಏನೂ ಇಲ್ಲ.”

ಅಜ್ಜ ಶೀಸೆಯನ್ನು ಒರೆಸಿ ಮತ್ತೆ ಅವನ ಕೈಗೇ ಇಟ್ಟ.

“ಎಲೆಗೂ ನೀನು ಹೀಗೇ ಅಂದಿದ್ದೆ, ತಮ್ಮಾ.”