ಕಾವಿಯೋ, ತಿಳಿಹಸಿರೋ

ಹೊಳೆದಂಡೆಯ ಮಠದಲ್ಲಿ ವಯಸ್ಸಾದ ಗುರುಗಳಿದ್ದರು, ಅವರಿಗೆ ಒಬ್ಬನೇ ಶಿಷ್ಯ, ಮುರಿಗೆಪ್ಪ. ಗುರುಗಳನ್ನು ಅವನು ಅಜ್ಜಾರು ಎನ್ನುತ್ತಿದ್ದ.

ಅಜ್ಜಾರು ಹಾಸಿಗೆ ಹಿಡಿದರು. ನಾಡಿ ನೋಡಿದ ವೈದ್ಯರು ಇನ್ನು ಹದಿನೈದು ದಿನ ಎಂದು ಹೇಳಿ, ಮದ್ದು ಕೊಡದೆಯೇ ಎದ್ದುಹೋದರು.

ಆ ಮಠದ ಗುರುಗಳೆಲ್ಲ ಕೊನೆಯುಸಿರೆಳೆದದ್ದು ಒಳಕೋಣೆಯಲ್ಲಿ. ಕೋಣೆಗೆ ಹೊಸದಾಗಿ ಸುಣ್ಣ ಬಳಿದ ಮೇಲೆಯೇ ಅವರನ್ನು ಒಳಗೆ ಕರೆದೊಯ್ಯುವುದು ಪದ್ಧತಿ.

ಅಜ್ಜಾರು ಕಟ್ಟಕಡೆಗೆ ನೋಡುವ ಗೋಡೆ ಇದು, ಚೆನ್ನಾಗಿರಲಿ ಎಂದುಕೊಂಡ ಮುರಿಗೆಪ್ಪ. ಒಂದು ಬಕೆಟಿನ ಸುಣ್ಣಕ್ಕೆ ಕಾವಿ ಕಲಸಿದ, ಇನ್ನೊಂದಕ್ಕೆ ಹಸಿರು ಪುಡಿ. ಗೋಡೆಯ ಮೇಲೆ ಅಂಗೈಯಗಲ ಎರಡನ್ನೂ ಬಳಿದು ನೋಡಿದ. ಹಸಿರೇ ಸೈ ಅನ್ನಿಸಿತು.

ಆದರೆ ಹಸಿ ಸುಣ್ಣದ ಬಣ್ಣ ನಂಬುವಂಥದ್ದಲ್ಲ. ಮರುದಿನ ಒಣಗಿದಾಗ ಹಸಿರು ಬಿಳಿಚಿಕೊಂಡಿತ್ತು, ಕಾವಿ ಮೇಲು ಅನ್ನಿಸಿತು. ಹಸಿರಿಗೆ ಇನ್ನಷ್ಟು ಪುಡಿ ಬೆರೆಸಿ ಮತ್ತೆ ಬಳಿದ. ಅದು ಒಣಗಿದ ಮೇಲೆ ಕಾವಿ ಸಪ್ಪೆಯಾಯಿತು. ಹೀಗೆ ಹನ್ನೊಂದು ದಿನ ಕಳೆದವು.

ನಿಜ ಹೇಳಬೇಕೆಂದರೆ, ಪಡಸಾಲೆಯಲ್ಲಿ ಮಲಗಿದ್ದ ಆ ಮೂಳೆಯ ಗೂಡನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಕೋಣೆ ಮುಗಿಯದಿದ್ದರೆ ಅಜ್ಜಾರು ಹೋಗುವುದಿಲ್ಲ ಎಂಬ ಹುಚ್ಚು ಆಸೆಯೂ ಒಳಗೊಳಗೇ ಇತ್ತು. ತಲೆದಿಂಬಿನ ಹತ್ತಿರ ಗಂಜಿ ಇಟ್ಟವನೇ ಬಣ್ಣದ ಬಕೆಟಿನತ್ತ ಓಡುತ್ತಿದ್ದ. ಗಂಜಿ ಹಾಸಿಗೆಯ ಮೇಲೆ ಚೆಲ್ಲಿದ್ದರೆ ಒರೆಸಿ, ಮುಖ ನೋಡದೆ ತಿರುಗುತ್ತಿದ್ದ.

ಹನ್ನೆರಡನೆಯ ದಿನ ಸೋತುಹೋದ. ಪದ್ಧತಿ ಮುರಿದು ಅಜ್ಜಾರನ್ನು ಎತ್ತಿಕೊಂಡೇ ಕೋಣೆಗೆ ಬಂದ. ಮಗುವಿನಷ್ಟು ಹಗುರವಾಗಿದ್ದರು, ಅವನಿಗೆ ಅಳು ತಡೆಯಲಾಗಲಿಲ್ಲ. ಗೋಡೆಗೆದುರಾಗಿ ಕೂರಿಸಿದ.

“ನನ್ನ ಕೈಲೆ ಆಗವಲ್ದು, ಅಜ್ಜಾರ. ಎಡಕ್ಕ ಕಾವಿ ಐತಿ, ಬಲಕ್ಕ ಹಸಿರ. ಯಾವುದು ಬಳೀಲಿ, ನೀವ ಹೇಳ್ರಿ.”

ಅಜ್ಜಾರು ಕೈ ಚಾಚಿ ಗೋಡೆ ತಡಕಿದರು. ಬೆರಳು ಹಸಿ ಬಣ್ಣ ದಾಟಿ, ಏನೂ ಬಳಿಯದ ಮೂಲೆಗೆ ಹೋಗಿ ನಿಂತಿತು.

“ಗ್ವಾಡಿ ತಣ್ಣಗೈತಿ,” ಎಂದರು.

ಮುರಿಗೆಪ್ಪ ಅವರ ಕಣ್ಣೆದುರು ಕೈಯಾಡಿಸಿದ. ರೆಪ್ಪೆ ಅಲುಗಲಿಲ್ಲ.

“ಯಾವಾಗಿಂದ, ಅಜ್ಜಾರ?”

“ಎಂಟು ದಿನಾತು.”

ಇಷ್ಟು ದಿನ ಬಳಿದದ್ದು ಯಾರಿಗಾಗಿ ಎಂದು ತಿಳಿಯದೆ ಅವನು ನೆಲಕ್ಕೆ ಕುಸಿದ. “ಒಂದು ಮಾತು ನನಗ ಹೇಳಬಾರದಾಗಿತ್ತೇನ್ರಿ?”

“ನೀ ಬಾಜೂಕ ಬಂದು ಕುಂತ ಮ್ಯಾಲೆ ಹೇಳೋಣಂತ ಕಾದಿದ್ದೆ, ತಮ್ಮಾ.”