ಬಿದ್ದ ಪ್ರತಿಯ ಮೇಲೆ ಕೂರದ ನಾಟಕಕಾರ

ಸಮಯ, ಮಧ್ಯಾಹ್ನ ಮೂರು ಗಂಟೆ. ಹವೆ, ಬೆಳಗಿನಿಂದ ಬಿಡದೆ ಸುರಿಯುತ್ತಿದ್ದ ಹಿಮ. ರಷ್ಯಾದ ಒಂದು ಸಣ್ಣ ಊರಿನ ರಂಗಮಂದಿರದಲ್ಲಿ ಹಾಜರಿದ್ದವರು ಒಂಬತ್ತು ಮಂದಿ ನಟನಟಿಯರು, ಒಬ್ಬ ಬಡಗಿ ಮತ್ತು ಗೆರಾಸಿಮ್ ಫೋಮಿಚ್. ನಾಟಕ ಬರೆದವರು ಗೆರಾಸಿಮ್. ನಿರ್ದೇಶಕರೂ ಅವರೇ. ಮುಖ್ಯ ಪಾತ್ರವೂ ಅವರದೇ.

ಅಂದು ಸಂಜೆಯೇ ಮೊದಲ ಪ್ರದರ್ಶನ. ಎಪ್ಪತ್ತರ ಹಿರಿಯ ನಟಿ ಕ್ಲಾವ್ದಿಯಾ ಸೆಮ್ಯೊನೊವ್ನಾ ಅವರಿಗೆ ಅದು ಕಡೆಯ ನಾಟಕ. ಮೂರನೆಯ ಅಂಕದಲ್ಲಿ ಗೆರಾಸಿಮ್ ಅವರೊಡನೆ ಅವರಿಗೊಂದು ದೊಡ್ಡ ದೃಶ್ಯವಿತ್ತು. ಗೆರಾಸಿಮ್ ಅದನ್ನು ತಿದ್ದುತ್ತಲೇ ಇದ್ದುದರಿಂದ ಒಮ್ಮೆಯೂ ತಾಲೀಮು ಆಗಿರಲಿಲ್ಲ. ಸಂಜೆ ಆರಕ್ಕೆ ಬಾಗಿಲು ತೆರೆಯುವ ಮುನ್ನ ಅದು ಆಗಲೇಬೇಕಿತ್ತು.

ಆಗ ಗೆರಾಸಿಮ್ ಅವರ ಕೈಯಿಂದ ನಾಟಕದ ಪ್ರತಿ ಜಾರಿ ನೆಲಕ್ಕೆ ಬಿತ್ತು.

ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಲ್ಲಿಯ ನಟರ ರೂಢಿ ಬೇರೆ. ಪ್ರತಿ ಬಿದ್ದರೆ, ಬಿದ್ದಲ್ಲೇ ಅದರ ಮೇಲೆ ಒಮ್ಮೆ ಕೂತೆದ್ದು ಬಳಿಕ ಎತ್ತಿಕೊಳ್ಳಬೇಕು. ಇಲ್ಲವಾದರೆ ನಾಟಕ ಕೆಡುತ್ತದೆಂಬ ನಂಬಿಕೆ. ಆ ರೂಢಿಯನ್ನು ನಿಯಮವನ್ನಾಗಿಸಿ ಗೋಡೆಗೆ ಅಂಟಿಸಿದವರು ಗೆರಾಸಿಮ್. ಹಿಂದಿನ ದಿನ ಪ್ರತಿ ಬೀಳಿಸಿಕೊಂಡ ಕ್ಲಾವ್ದಿಯಾ ಅವರನ್ನೂ ಧೂಳಿನಲ್ಲಿ ಕೂರಿಸಿದ್ದರು. ಎಬ್ಬಿಸಲು ಇಬ್ಬರು ಬೇಕಾಗಿದ್ದರು.

ಈಗ ಎಲ್ಲರೂ ಕಾದರು. ಗೆರಾಸಿಮ್ ಕೂರಲಿಲ್ಲ. ತಾನು ಬರೆದದ್ದರ ಮೇಲೆ ತಾನೇ ಕೂರುವುದು ನಾಟಕಕಾರನಿಗೆ ಅವಮಾನವೆಂದರು.

"ಹಾಗಾದರೆ ನಟನಾಗಿ ಕೂತುಬಿಡಿ, ಗೆರಾಸಿಮ್ ಫೋಮಿಚ್. ನೆಲದ ಮೇಲೆ ಪ್ರತಿಗೆ ಶೀತವಾದೀತು" ಎಂದ ಬಡಗಿ.

ನಟನಾಗಿ ಕೂತರೆ ವೇಷದ ಇಸ್ತ್ರಿ ಕೆಡುತ್ತದಂತೆ. ಆಮೇಲೆ ನಿರ್ದೇಶಕರ ಗತ್ತಿನಿಂದ ಸಭೆ ಕರೆದರು: ಈ ನಿಯಮ ನಿರ್ದೇಶಕರಿಗೆ ಅನ್ವಯಿಸುತ್ತದೆಯೇ? ಅವರು ಕೂರದೆ ತಾಲೀಮಿಲ್ಲವೆಂದು ನಟರು ಹಟ ಹಿಡಿದರು. ಹಾಗಿದ್ದರೆ ನಿಯಮವನ್ನೇ ಹರಿದುಹಾಕಿ ಎಂದು ಕ್ಲಾವ್ದಿಯಾ ಬೇಡಿಕೊಂಡರು. ಅದಕ್ಕೂ ಒಪ್ಪಿಗೆಯಿಲ್ಲ, ನಿಯಮವಿಲ್ಲದೆ ಶಿಸ್ತು ಉಳಿಯದಂತೆ.

ಕ್ಲಾವ್ದಿಯಾ ಗಡಿಯಾರ ನೋಡುತ್ತ, ತಮ್ಮ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ನಿಂತರು. ನಾಲ್ಕಾಯಿತು. ಐದಾಯಿತು. ಕೂತೇಳಲು ಬೇಕಿದ್ದದ್ದು ಅರ್ಧ ನಿಮಿಷ. ಆರಕ್ಕೆ ಪ್ರೇಕ್ಷಕರಿಗಾಗಿ ಬಾಗಿಲು ತೆರೆಯುವ ಗಂಟೆ ಮೊಳಗಿತು. ಪ್ರತಿ ಇನ್ನೂ ನೆಲದ ಮೇಲೆಯೇ ಇತ್ತು. ತಾಲೀಮಿನ ಹೊತ್ತು ಮುಗಿದಿತ್ತು.

ಆಗ ಕ್ಲಾವ್ದಿಯಾ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು:

"ಗೆರಾಸಿಮ್ ಫೋಮಿಚ್, ಇಂದು ನಾಟಕಕಾರರು ಬಂದಿದ್ದರು, ನಿರ್ದೇಶಕರು ಬಂದಿದ್ದರು, ನಟರೂ ಬಂದಿದ್ದರು. ಕೆಲಸಕ್ಕೆ ಮಾತ್ರ ನೀವು ಬರಲೇ ಇಲ್ಲ."

ನೀತಿ: ನಿಯಮ ಮಾಡಿದವನು ಅದನ್ನು ಮೊದಲು ತಾನು ಪಾಲಿಸಬೇಕು; ಆಗದಿದ್ದರೆ ಆ ಕ್ಷಣವೇ ತೆಗೆದುಹಾಕಬೇಕು. ಎರಡನ್ನೂ ಮಾಡದವನ ಹಟಕ್ಕೆ ದಂಡ ತೆರುವವರು ಇತರರು.