ತೆರೆಯದ ಹಗೇವು, ಖಾಲಿ ಬಿಟ್ಟ ಸಾಲು

ನೀಲಗಂಗಾಳ ಎರಡು ವರ್ಷದ ದುಡಿಮೆ ನೆಲದ ಕೆಳಗಿತ್ತು.

ಅವಳು ಬಯಲುಸೀಮೆಯ ಒಂದು ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ವಿಷಯ ಹಗೇವು. ಹಗೇವು ಅಂದರೆ ಜೋಳ ಕಾಪಿಡಲು ನೆಲದಲ್ಲಿ ತೋಡಿದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಗೋದಾಮು ಇಲ್ಲದ ಕಾಲದಲ್ಲಿ ಊರಿಗೆ ಊರೇ ಅದನ್ನು ನಂಬಿ ಬದುಕಿತ್ತು.

ವಿಶ್ವವಿದ್ಯಾಲಯದ ಹೊಲದ ಗಟ್ಟಿ ಗರಸು ನೆಲದಲ್ಲಿ ಅವಳು ಮೂರು ಹಗೇವು ಮಾಡಿಸಿದ್ದಳು. ಒಂದರ ಒಳಗೋಡೆಗೆ ಹಳೇ ಪದ್ಧತಿಯಂತೆ ಜೋಳದ ಕಣಿಕೆ, ಅಂದರೆ ಒಣಗಿದ ದಂಟು. ಇನ್ನೊಂದಕ್ಕೆ ಬರೀ ಮಣ್ಣು, ಸಗಣಿ. ಮೂರನೆಯದಕ್ಕೆ ಪ್ಲಾಸ್ಟಿಕ್ ಹಾಳೆ. ಒಂದು ಇಡೀ ವರ್ಷ ಮುಚ್ಚಿಡಬೇಕು, ಆಮೇಲೆ ತೆರೆದು ಯಾವುದರ ಕಾಳು ಚೆನ್ನಾಗಿದೆ ನೋಡಬೇಕು. ಕಟ್ಟಿಕೊಟ್ಟವರು ಹುಸೇನಸಾಬ. ಆ ಸೀಮೆಯಲ್ಲಿ ಹಗೇವಿನ ಕೆಲಸ ಬಲ್ಲವರು ಅವರೊಬ್ಬರೇ ಉಳಿದಿದ್ದರು. ಚಪ್ಪಡಿ ಎಳೆದ ದಿನವೇ ಅವರು ಹೇಳಿದ್ದರು: "ನಡುವ ಬಾಯಿ ತೆಗೀಬ್ಯಾಡವ್ವ. ಒಮ್ಮೆ ಗಾಳಿ ಹೊಕ್ತಂದ್ರ ಅದು ಹಗೇವಲ್ಲ, ಬರೇ ತೆಗ್ಗು."

ಚಪ್ಪಡಿ ಎಳೆದದ್ದು ಏಪ್ರಿಲ್ ಇಪ್ಪತ್ತಕ್ಕೆ. ಅಂದರೆ ತೆರೆಯುವುದು ಮುಂದಿನ ಏಪ್ರಿಲ್ ಇಪ್ಪತ್ತಕ್ಕೆ.

ತೊಂದರೆ ಇದ್ದದ್ದು ಇಲ್ಲೇ. ವರದಿ ಸಲ್ಲಿಸಲು ಫೆಬ್ರವರಿ ಕೊನೆಯ ದಿನವೇ ಗಡುವು. ವರದಿ ಒಪ್ಪಿಗೆಯಾದರೆ ಕೊನೆಯ ವರ್ಷದ ಶಿಷ್ಯವೇತನ. ವರ್ಷದ ಉತ್ತಮ ಸಂಶೋಧಕ ಪ್ರಶಸ್ತಿಗೂ ಅದೇ ವರದಿ. ಒಪ್ಪಿಗೆಯಾಗದಿದ್ದರೆ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋಗುವುದು, ಯಾವುದಾದರೂ ಖಾಸಗಿ ಶಾಲೆಯಲ್ಲಿ ಪಾಠ ಹೇಳುವುದು. ಹಗೇವುಗಳನ್ನು ಆಮೇಲೆ ಯಾರು ತೆರೆಯುತ್ತಾರೋ ದೇವರೇ ಬಲ್ಲ.

ಅವಳಿಗಿಂತ ಎರಡು ವರ್ಷ ಹಿರಿಯನಾದ ಸಂಗನಬಸು ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಮುರಿಯುತ್ತ ನಕ್ಕ.

"ಇದಕ್ಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಪ್ಲಾಸ್ಟಿಕ್ ಹಾಕಿದ್ದು ಛಲೋ ಇರ್ತದ. ಕೂಸಿಗೂ ಗೊತ್ತದ. ನೂರಕ್ಕ ತೊಂಬತ್ತಾರು ಅಂತ ಬರಿ. ಕಣಿಕೆದು ಎಂಬತ್ತು, ಮಣ್ಣಿಂದು ಎಪ್ಪತ್ತು. ಏಪ್ರಿಲ್‌ನಾಗ ತೆಗೆದಾಗ ಒಂದೆರಡು ಹೆಚ್ಚುಕಮ್ಮಿ ಆದ್ರ ತಿದ್ದಿದ್ರಾತು."

"ನೋಡದ ಕಾಳು ಹೆಂಗ ಎಣಸ್ಲಿ ಅಣ್ಣಾ?"

"ಎಣಸೋರು ಯಾರದಾರ ಇಲ್ಲಿ? ತುಂಬಿದ ಕೋಷ್ಟಕ ನೋಡ್ತಾರ, ಸಹಿ ಹಾಕ್ತಾರ."

ಇನ್ನೂ ಒಂದು ದಾರಿ ಇತ್ತು. ಗಡುವು ಮುಂದೂಡಿ ಎಂದು ಅರ್ಜಿ ಹಾಕುವುದು. ಆ ವರ್ಷ ಒಂಬತ್ತು ಮಂದಿ ಹಾಕಿದ್ದರು. ನೀಲಗಂಗಾ ಅದನ್ನೂ ಮಾಡಲಿಲ್ಲ. ಆದಷ್ಟನ್ನು ಹೇಳಿದ ದಿನಕ್ಕೆ ಕೊಡುವುದೇ ಸರಿ ಎಂದುಕೊಂಡಳು. ಕೈಯಲ್ಲಿದ್ದ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಕೊನೆಯ ದಿನದ ಹಿಂದಿನ ದಿನವೇ ವರದಿ ಕೊಟ್ಟಳು. ನೂರಕ್ಕೆ ಎಷ್ಟು ಕಾಳು ಚೆನ್ನಾಗಿ ಉಳಿದವು ಎಂದು ಬರೆಯಬೇಕಾದ ಕೋಷ್ಟಕದ ಕೊನೆಯ ಸಾಲು ಮಾತ್ರ ಖಾಲಿ. ಅದರ ಪಕ್ಕದಲ್ಲಿ ಅವಳ ಕೈಬರಹ: "ಹಗೇವು ತೆರೆದಿಲ್ಲ. ತೆರೆಯುವ ದಿನ ಏಪ್ರಿಲ್ ಇಪ್ಪತ್ತು."

ಮಾರ್ಚ್ ಮೊದಲ ವಾರ ಸಮಿತಿ ಕೂತಿತು. ವಿಭಾಗದ ಮುಖ್ಯಸ್ಥರಾದ ಇನಾಮದಾರ ಸರ್ ನಡುವಿನ ಕುರ್ಚಿಯಲ್ಲಿ. ಪಕ್ಕದಲ್ಲಿ ಜೋಳದ ದೊಡ್ಡ ವ್ಯಾಪಾರಿ ಗುರುಪಾದಪ್ಪ. ಶಿಷ್ಯವೇತನ ಅವರು ತಾಯಿಯ ಹೆಸರಿನಲ್ಲಿ ಇಟ್ಟಿದ್ದು; ಪ್ರಯೋಗದ ಖರ್ಚೂ ಅವರದೇ. ಭಾಷಣ ಅವರಿಗೆ ಆಗದು. ಹಿಡಿ ಕಾಳು ಬಾಯಿಗೆ ಹಾಕಿ ಕಡಿದರೆ ಯಾವ ಊರಿನದೆಂದು ಹೇಳುವ ಮನುಷ್ಯ. ತಮ್ಮ ಹೊಲದಲ್ಲಿ ಐನೂರು ಚೀಲ ಹಿಡಿಯುವಷ್ಟು ಹಗೇವು ಮಾಡಿಸಬೇಕೆಂದು ಅವರೂ ಯೋಚನೆಯಲ್ಲಿದ್ದರು. ಹಾಗಾಗಿ ಆ ಕೋಷ್ಟಕದ ಕೊನೆಯ ಸಾಲೇ ಅವರಿಗೆ ಬೇಕಾಗಿತ್ತು.

"ಎಲ್ಲಾ ಬರ್ದೀದಿ, ಬೇಕಾದ್ದು ಒಂದೇ ಬರ್ದಿಲ್ಲಲ್ಲವಾ," ಎಂದರು. "ಪ್ಲಾಸ್ಟಿಕ್ ಹೆಂಗ? ಅಷ್ಟರೆ ಹೇಳು."

"ಗೊತ್ತಿಲ್ರೀ ಕಾಕಾ. ಇನ್ನೂ ತೆಗೆದಿಲ್ಲ."

ಇನಾಮದಾರ ಸರ್ ಕನ್ನಡಕ ಸರಿಮಾಡಿಕೊಂಡರು. "ನೋಡಮ್ಮ, ಅಪೂರ್ಣ ವರದಿಗೆ ಶಿಷ್ಯವೇತನ ಮುಂದುವರಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ."

ಗುರುಪಾದಪ್ಪ ಕೈ ಎತ್ತಿ ಅವರನ್ನು ತಡೆದರು. "ಇರ್ರಿ ಸರ. ಏ ತಂಗಿ, ನಾಳೆ ಮುಂಜಾನೆ ನನ್ನ ಲಾರಿ ಬರ್ತದ, ಹಮಾಲರು ಬರ್ತಾರ. ಮೂರೂ ಹಗೇವಿನ ಬಾಯಿ ತೆಗೆಯೋಣು. ಸಂಜಿಯೊಳಗ ನಿನ್ನ ಸಾಲು ತುಂಬ್ತದ. ಅಲ್ಲೇ ಸಹಿ ಮಾಡಸ್ತೀನಿ. ನಿನಗ ರೊಕ್ಕ, ನನಗ ಉತ್ತರ."

ನೀಲಗಂಗಾಳ ಒಂದು ವರ್ಷದ ಊಟ, ವಸತಿ, ಪದವಿ, ಎಲ್ಲ ಆ ಮಾತಿನಲ್ಲಿತ್ತು. ಹೂಂ ಎಂದರೆ ಸಾಕು.

"ಬ್ಯಾಡ್ರೀ," ಎಂದಳು.

"ಯಾಕ? ರೊಕ್ಕ ನಂದು."

"ರೊಕ್ಕ ನಿಮ್ದು ಖರೇರಿ. ದಿನ ಹಗೇವಿಂದು. ಈಗ ತೆಗೆದ್ರ ವರ್ಷ ತುಂಬದ ಕಾಳು ಸಿಗ್ತದ. ಅದನ್ನ ವರ್ಷದ ಕಾಳು ಅಂತ ನಾ ಬರಿಯಾಂಗಿಲ್ಲ."

ಗುರುಪಾದಪ್ಪ ವರದಿಯನ್ನು ಮತ್ತೆ ಮೊದಲಿನಿಂದ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ಹೌದು, ಚಪ್ಪಡಿ ಎಳೆದದ್ದು ಏಪ್ರಿಲ್‌ನಾಗ. ಫೆಬ್ರವರಿಗೆ ವರದಿ ಕೊಡಬೇಕಂದ್ರ ಹ್ವಾದ ವರ್ಷ ಫೆಬ್ರವರಿಗೇ ಎಳಿಬೇಕಿತ್ತು. ಯಾಕ ಎಳಿಲಿಲ್ಲ?"

ಅವಳು ಒಮ್ಮೆ ಇನಾಮದಾರ ಸರ್ ಕಡೆ ನೋಡಿ, ತಲೆ ತಗ್ಗಿಸಿದಳು. "ಕಾಳು ಕೊಳ್ಳಾಕ ರೊಕ್ಕ ಬಂದಿದ್ದು ಏಪ್ರಿಲ್‌ದಾಗರಿ."

"ನಾ ಚೆಕ್ ಕೊಟ್ಟಿದ್ದು ಜನವರಿಯೊಳಗ!" ಗುರುಪಾದಪ್ಪ ಮುಖ್ಯಸ್ಥರ ಕಡೆ ತಿರುಗಿದರು.

"ಅದು... ಕಡತ ಎರಡು ಕಚೇರಿ ದಾಟಿ ಬರಬೇಕಲ್ಲ," ಎಂದರು ಇನಾಮದಾರ ಸರ್. ದನಿ ಇಳಿದಿತ್ತು.

"ಸರ, ನನ್ನ ಅಂಗಡಿಯೊಳಗ ಒಂದು ರಿವಾಜ ಅದ. ನಾ ಖಾಲಿ ಚೀಲ ತಡ ಕಳಿಸಿದ್ರ, ಕಾಳು ತಡ ಬಂತು ಅಂತ ರೈತನ್ನ ಬಯ್ಯೂದಿಲ್ಲ. ಈ ಹುಡುಗಿ ಹೇಳಿದ ದಿನಕ್ಕ ವರದಿ ತಂದಾಳ. ಏನು ಕಮ್ಮಿ ಅದ ಅಂತ ತಾನ ಬರ್ದಾಳ. ಕಮ್ಮಿ ಯಾವತ್ತ ತುಂಬ್ತೀನಿ ಅನ್ನೂದನ್ನೂ ಬರ್ದಾಳ. ಇದು ಅಪೂರ್ಣ ಅಲ್ಲ. ತಡ ಆಗಿದ್ದು ನಿಮ್ಮ ಕಡತ."

ಇನಾಮದಾರ ಸರ್ ಕೆಟ್ಟವರಲ್ಲ. ಪೆನ್ನು ತೆಗೆದು ಬರೆದರು: "ಹಣ ಬಿಡುಗಡೆ ವಿಳಂಬವಾದ ಕಾರಣ ಕೊನೆಯ ಸಾಲಿಗೆ ಏಪ್ರಿಲ್ ಅಂತ್ಯದವರೆಗೆ ಅವಕಾಶ. ಶಿಷ್ಯವೇತನ ಮುಂದುವರಿಯಲಿ."

ಪ್ರಶಸ್ತಿ ಮಾತ್ರ ಸಿಗಲಿಲ್ಲ. ಅದಕ್ಕೆ ತುಂಬಿದ ಕೋಷ್ಟಕವೇ ಬೇಕಿತ್ತು. ಶಾಲು, ಹಾರ, ಫೋಟೊ ಬೇರೆಯವರ ಪಾಲಾದವು. ಸಂಗನಬಸು ಅವಳನ್ನು ಕಂಡಾಗಲೆಲ್ಲ, "ಏನವಾ ಖಾಲಿ ಸಾಲು, ಆರಾಮಾ?" ಎಂದು ಕಾಡಿದ. ಅವಳೂ ಬಿಡಲಿಲ್ಲ. "ಆರಾಮ ಅಣ್ಣಾ, ಖಾಲಿ ಇದ್ರ ಭಾರ ಇರೂದಿಲ್ಲ ನೋಡು," ಎಂದು ನಕ್ಕು ಮುಂದೆ ಹೋದಳು.

ಏಪ್ರಿಲ್ ಇಪ್ಪತ್ತರ ಬೆಳಿಗ್ಗೆ ಹೊಲದಲ್ಲಿ ಜನ ಸೇರಿತು. ಹುಸೇನಸಾಬ ಮೂರೂ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದರು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ನಂದಿತು. ಇನ್ನಷ್ಟು ಹೊತ್ತು ಕಾದು ಮತ್ತೆ ಬಿಟ್ಟರು. ಈ ಸಲ ಉರಿಯಿತು. ಆಮೇಲೆಯೇ ಅವರು ಇಳಿದದ್ದು.

ಮಣ್ಣಿನ ಹಗೇವಿನಲ್ಲಿ ಅಂಚಿನ ಕಾಳು ಹೋಗಿತ್ತು, ನಡುವಿನದು ಉಳಿದಿತ್ತು. ಪ್ಲಾಸ್ಟಿಕ್ ಹಾಕಿದ ಹಗೇವಿಗೆ ಬಗ್ಗಿದವರು ಮೂಗು ಮುಚ್ಚಿಕೊಂಡರು. ಹಾಳೆ ಒಳಗೊಳಗೇ ಬೆವತು, ಕಾಳೆಲ್ಲ ಹಸಿರು ಬೂಜು ಹಿಡಿದು ಗಡ್ಡೆ ಕಟ್ಟಿತ್ತು. ಸಂಗನಬಸು ಎರಡು ಹೆಜ್ಜೆ ಹಿಂದೆ ಸರಿದ. ಕಣಿಕೆಯ ಹಗೇವಿನಲ್ಲಿ ಮೇಲಿನ ನಾಲ್ಕು ಬೆರಳಷ್ಟು ಕಾಳು ಮಾತ್ರ ಬಣ್ಣಗೆಟ್ಟಿತ್ತು. ಅದನ್ನು ಸರಿಸಿದರೆ ಕೆಳಗೆ ಮುತ್ತಿನಂಥ ಜೋಳ.

ಗುರುಪಾದಪ್ಪ ಎರಡು ಕಾಳು ಬಾಯಿಗೆ ಹಾಕಿ ಕಟಕ್ ಎಂದು ಕಡಿದರು.

"ಪ್ಲಾಸ್ಟಿಕ್ ಹಾಳಿ ತರಸಾಕ ಹೇಳೋನಿದ್ದೆ," ಎಂದರು. "ಅವತ್ತ ನೀ ಏನರೆ ಬರ್ದು ಕೊಟ್ಟಿದ್ರ, ನಂಬಿ ಐನೂರು ಚೀಲ ಕೊಳಸ್ತಿದ್ದೆ ತಂಗಿ."

ಹುಸೇನಸಾಬರ ಮನೆತನದಲ್ಲಿ ಒಂದು ಪದ್ಧತಿ. ಹಗೇವಿನ ಮೊದಲ ಹಿಡಿ ಕಾಳು ಅದರ ಯಜಮಾನರಿಗೆ. ಅವರು ಎರಡೂ ಕೈತುಂಬ ಜೋಳ ಹಿಡಿದು ಮೇಲೆ ಬಂದರು. ಹಣ ಕೊಟ್ಟವರು ತಾವು ಎಂದು ಗುರುಪಾದಪ್ಪ ಹೆಗಲ ಮೇಲಿನ ಶಲ್ಯ ಒಡ್ಡಿದರು. ಹುಸೇನಸಾಬ ಅವರನ್ನು ದಾಟಿಹೋಗಿ ನೀಲಗಂಗಾಳ ಮುಂದೆ ನಿಂತರು.

"ಉಡಿ ಒಡ್ಡವ್ವ. ವರ್ಷ ಕಾದಾಕಿ ನೀ. ಇದರ ಯಜಮಾನಿ ನೀನ."

ಅವಳು ಗುರುಪಾದಪ್ಪನವರನ್ನು ನೋಡಿದಳು. ಅವರು ಶಲ್ಯ ಮಡಚಿ ಹೆಗಲಿಗೆ ಹಾಕಿಕೊಂಡು, "ಖರೆ ಅದ, ತಗೋ," ಎಂದರು. ನೀಲಗಂಗಾ ಓಢಣಿ ಒಡ್ಡಿದಳು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಇನಾಮದಾರ ಸರ್ ಎಲ್ಲರಿಗಿಂತ ಜೋರಾಗಿ.

ಆಮೇಲೆ ಅವಳು ಚಪ್ಪಡಿಯ ಮೇಲೆ ಕೂತು, ನೂರು ನೂರು ಕಾಳು ಎಣಿಸಿ, ಖಾಲಿ ಸಾಲನ್ನು ತುಂಬಿದಳು.

ನೀತಿ: ಹೇಳಿದ ದಿನಕ್ಕೆ ಕೆಲಸ ಒಪ್ಪಿಸು. ಕಡಿಮೆ ಇದ್ದರೆ ಕಡಿಮೆ ಇದೆ ಎಂದು ನೀನೇ ಮೊದಲು ಹೇಳು, ಯಾವತ್ತು ತುಂಬುತ್ತೀ ಎಂದೂ ಹೇಳು. ಖಾಲಿ ಸಾಲಿನಿಂದ ಹೆಚ್ಚೆಂದರೆ ಒಂದು ಶಾಲು ತಪ್ಪೀತು; ಸುಳ್ಳು ಸಾಲನ್ನು ನಂಬಿದವನ ಗೋದಾಮೇ ಕೊಳೆತೀತು. ಇನ್ನು ಗಡುವು ಹಾಕುವವರಿಗೂ ಒಂದು ಮಾತು: ದಿನಕ್ಕೆ ಸರಿಯಾಗಿ ಕೇಳಬೇಕೆಂದರೆ, ದಿನಕ್ಕೆ ಸರಿಯಾಗಿ ಕೊಡುವುದನ್ನೂ ಕಲಿಯಬೇಕು.